ಕಪ್ಪು ನೆಲ, ಬೆಳ್ಳಿ ಗೆರೆ: ವೆಬ್ ಪುಟಕ್ಕೆ ಚಿತ್ರ ಬಂದ ಕಥೆ

ಬೀದರ್ ಕೋಟೆಯೊಳಗೆ ರಂಗೀನ್ ಮಹಲ್ ಎಂಬ ಸಣ್ಣ ಅರಮನೆಯೊಂದಿದೆ. ಬರೀದ್ ಶಾಹಿ ದೊರೆ ಅಲಿ ಬರೀದನ (1542–1580) ಕಾಲದ ಸೊಗಸು ಅದರಲ್ಲಿ ಇಂದಿಗೂ ಉಳಿದಿದೆ. ಅಲ್ಲಿನ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿ ಬಳ್ಳಿ, ಹೂಗಳನ್ನೂ ಫಾರ್ಸಿ ಪದ್ಯದ ಸಾಲುಗಳನ್ನೂ ಮೂಡಿಸಲಾಗಿದೆ. ಚಿಪ್ಪು ತಾನಾಗಿ ಅಷ್ಟು ಹೊಳೆಯುವ ವಸ್ತುವಲ್ಲ. ಬಿಳಿ ಗೋಡೆಯ ಮೇಲೆ ಅಂಟಿಸಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಿಂದಿನ ಕಲ್ಲು ಕಪ್ಪಾಗಿರುವುದರಿಂದಲೇ ಅದು ಬೆಳಗುತ್ತದೆ.

ಚಿತ್ರ, ಅಕ್ಷರ ಮತ್ತು ಹಿನ್ನೆಲೆ ಈ ಮೂರನ್ನು ಒಂದೇ ಹಲಗೆಯ ಮೇಲೆ ಹೇಗೆ ಕೂರಿಸಬೇಕೆಂಬ ಪ್ರಶ್ನೆಗೆ ಬೀದರಿನ ಕುಶಲಕರ್ಮಿಗಳು ಶತಮಾನಗಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ಅದೇ ಪ್ರಶ್ನೆ 1990ರ ದಶಕದಲ್ಲಿ ಜಗತ್ತಿನ ಮುಂದೆ ಮತ್ತೆ ಬಂತು. ಈ ಬಾರಿ ಹಲಗೆ ಕಲ್ಲಿನದಾಗಿರಲಿಲ್ಲ, ಕಂಪ್ಯೂಟರಿನ ಪರದೆಯಾಗಿತ್ತು. ಇಂದು ಬೀದರ್, ಭಾಲ್ಕಿ, ಔರಾದ್‌ಗಳ ಶಾಲಾ ಕಾಲೇಜುಗಳ ಮಕ್ಕಳು ಎಚ್‌ಟಿಎಂಎಲ್ ಕಲಿಯುವಾಗ ಎರಡನೆಯ ಮೂರನೆಯ ಪಾಠದಲ್ಲೇ ಚಿತ್ರ ಸೇರಿಸುವುದನ್ನೂ ಹಿನ್ನೆಲೆ ಬದಲಿಸುವುದನ್ನೂ ಕಲಿಯುತ್ತಾರೆ. ಎರಡು ಸಾಲು ಬರೆದರೆ ಮುಗಿಯುವ ಕೆಲಸ. ಆದರೆ ಆ ಎರಡು ಸಾಲುಗಳ ಹಿಂದೆ ಒಂದು ಇತಿಹಾಸವಿದೆ. ಆ ಇತಿಹಾಸಕ್ಕೂ ನಮ್ಮ ಭಾಷೆಗಳ ಅಳಿವು ಉಳಿವಿಗೂ ಸಂಬಂಧವಿದೆ.

ಬಿದ್ರಿಯ ಪಾಠ

ಮೊದಲು ನಮ್ಮ ಮನೆಯ ಕಲೆಯನ್ನೇ ನೋಡೋಣ. ಬಹಮನಿ ದೊರೆ ಅಹ್ಮದ್ ಶಾಹ್ ವಲಿ 15ನೇ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಇರಾನಿನಿಂದ ಬಂದ ಕುಶಲಕರ್ಮಿಗಳ ಜೊತೆ ಬಿದ್ರಿ ಕಲೆ ಇಲ್ಲಿ ಬೇರೂರಿತೆಂಬುದು ಪರಂಪರೆಯ ಮಾತು. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಈ ಕಲೆಗಾಗಿಯೇ ಪದ್ಮಶ್ರೀ ಸಂದಿತು.

ಬಿದ್ರಿ ಪಾತ್ರೆಯ ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ನಯಗೊಳಿಸಿದ ಮೇಲೆ ಅದು ಬೂದು ಬಣ್ಣದ ಸಾಧಾರಣ ಪಾತ್ರೆ. ಗೆರೆ ಕಾಣಲೆಂದು ಮೈಲುತುತ್ತದ ದ್ರಾವಣ ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ವಿನ್ಯಾಸ ಬರೆದು, ಉಳಿಯಿಂದ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಕಪ್ಪು ಹೋಗಿ ಬೆಳ್ಳಿಯೂ ಸತುವೂ ಹೆಚ್ಚು ಕಡಿಮೆ ಒಂದೇ ಬಣ್ಣದಲ್ಲಿ ಬೆರೆತುಹೋಗುತ್ತವೆ. ಇಷ್ಟೆಲ್ಲ ಶ್ರಮದ ಚಿತ್ರ ಕಣ್ಣಿಗೇ ಬೀಳುವುದಿಲ್ಲ.

ಚಿತ್ರ ಮೂಡುವುದು ಕೊನೆಯ ಹಂತದಲ್ಲಿ. ಬೀದರ್ ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಉಳಿಯುತ್ತದೆ. ಅಂದರೆ ಬಿದ್ರಿಯಲ್ಲಿ ಕೊನೆಯದಾಗಿ ತಯಾರಾಗುವುದು ಹಿನ್ನೆಲೆ, ಅದು ತಯಾರಾದ ಮೇಲೆಯೇ ಚಿತ್ರಕ್ಕೆ ಜೀವ. ಆಫ್ತಾಬಿ ಎಂಬ ಬಗೆಯಲ್ಲಿ ಇನ್ನೂ ಒಂದು ಚಮತ್ಕಾರವಿದೆ. ಅಲ್ಲಿ ಮೈತುಂಬ ಬೆಳ್ಳಿಯ ತಗಡು, ಕತ್ತರಿಸಿದ ಸಂದುಗಳಲ್ಲಿ ಇಣುಕುವ ಕಪ್ಪೇ ಹೂವಾಗುತ್ತದೆ. ಯಾವುದು ಚಿತ್ರ, ಯಾವುದು ಹಿನ್ನೆಲೆ ಎಂಬುದನ್ನು ನಿರ್ಧರಿಸುವುದು ಕುಶಲಕರ್ಮಿಯ ಕೈ.

ಚಿತ್ರವಿಲ್ಲದ ಪುಟ

ಈಗ ಪರದೆಯ ಕಥೆಗೆ ಬರೋಣ. ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1989ರಲ್ಲಿ ಪ್ರಸ್ತಾಪಿಸಿ 1991ರಲ್ಲಿ ಜಗತ್ತಿಗೆ ತೆರೆದಿಟ್ಟ ವೆಬ್ ಮೂಲತಃ ಅಕ್ಷರಗಳ ಲೋಕವಾಗಿತ್ತು. ಸಂಶೋಧಕರು ತಮ್ಮ ಟಿಪ್ಪಣಿಗಳನ್ನು ಒಂದಕ್ಕೊಂದು ಜೋಡಿಸಿ ಓದಲೆಂದು ಮಾಡಿದ ವ್ಯವಸ್ಥೆ ಅದು. ಚಿತ್ರ ಬೇಕೆಂದರೆ ಕೊಂಡಿಯೊಂದನ್ನು ಒತ್ತಿ ಬೇರೆ ಕಿಟಕಿಯಲ್ಲಿ ತೆರೆದು ನೋಡಬೇಕಿತ್ತು. ಬರಹದ ನಡುವೆಯೇ ಚಿತ್ರ ಕೂರುವ ಏರ್ಪಾಡು ಸಾರ್ವತ್ರಿಕವಾಗಿರಲಿಲ್ಲ.

1993ರ ಫೆಬ್ರುವರಿ 25ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿದ್ದ ತರುಣ ಮಾರ್ಕ್ ಆಂಡ್ರೀಸನ್ ಒಂದು ಪ್ರಸ್ತಾಪವನ್ನು ವೆಬ್ ನಿರ್ಮಾತೃಗಳ ಮುಂದಿಟ್ಟರು. 'ಐಎಂಜಿ' ಎಂಬ ಹೊಸ ಟ್ಯಾಗ್ ಇರಲಿ, ಅದರೊಳಗೆ 'ಎಸ್‌ಆರ್‌ಸಿ' ಎಂದು ಬರೆದು ಚಿತ್ರವಿರುವ ವಿಳಾಸ ಕೊಡೋಣ, ಬ್ರೌಸರ್ ಅದನ್ನು ತಂದು ಬರಹದ ನಡುವೆ ತೋರಿಸಲಿ ಎಂಬುದು ಅದರ ಸಾರ. ಚಿತ್ರಕ್ಕೆಂದೇ ಪ್ರತ್ಯೇಕ ಟ್ಯಾಗ್ ಏಕೆ, ಇರುವ ಕೊಂಡಿಯನ್ನೇ ಹಿಗ್ಗಿಸಿದರೆ ಸಾಲದೇ ಎಂಬ ವಾದವೂ ನಡೆಯಿತು. ವಾದ ತೀರ್ಮಾನವಾಗುವ ಮೊದಲೇ ಆಂಡ್ರೀಸನ್ ಮತ್ತು ಅವರ ಸಂಗಡಿಗರು ತಮ್ಮ ಮೊಸಾಯಿಕ್ ಬ್ರೌಸರಿನಲ್ಲಿ ಅದನ್ನು ಜಾರಿಗೆ ತಂದರು. ಮೊಸಾಯಿಕ್ ಮನೆಮಾತಾಯಿತು, ಆ ಟ್ಯಾಗ್ ಉಳಿಯಿತು. ಮೂರು ದಶಕಗಳ ಬಳಿಕವೂ ಚಿತ್ರ ಸೇರಿಸಲು ನಮ್ಮ ಮಕ್ಕಳು ಬರೆಯುವುದು ಅದನ್ನೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಚಿತ್ರ ಪುಟದೊಳಗೆ ಇರುವುದಿಲ್ಲ. ಪುಟದಲ್ಲಿ ಇರುವುದು ಚಿತ್ರದ ಹೆಸರು ಮತ್ತು ವಿಳಾಸ ಮಾತ್ರ. ಪುಟ ಅದನ್ನು ಕೂಗಿ ಕರೆಯುತ್ತದೆ, ಚಿತ್ರ ತನ್ನ ಕಡತದಿಂದ ಎದ್ದು ಬರುತ್ತದೆ. ಹೊಸಬರು ಎಡವುವುದೂ ಇಲ್ಲಿಯೇ. ತಮ್ಮ ಕಂಪ್ಯೂಟರಿನ ಸಿ ಡ್ರೈವಿನ ಉದ್ದ ವಿಳಾಸವನ್ನೇ ಬರೆದಿಟ್ಟಿರುತ್ತಾರೆ. ಅಲ್ಲಿ ಚಿತ್ರ ಕಾಣುತ್ತದೆ, ಪುಟವನ್ನು ಸರ್ವರಿಗೆ ಕಳಿಸಿದ ಕೂಡಲೇ ಮಾಯವಾಗುತ್ತದೆ. ಕಾರಣ, ಆ ಸಿ ಡ್ರೈವ್ ಓದುಗನ ಬಳಿ ಇಲ್ಲ. ಕೆಲವರು ಕಡತಕ್ಕೆ ದೊಡ್ಡಕ್ಷರದಲ್ಲಿ ಹೆಸರಿಟ್ಟು ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆಯುತ್ತಾರೆ. ವಿಂಡೋಸ್ ಎರಡನ್ನೂ ಒಂದೇ ಎಂದು ಕ್ಷಮಿಸುತ್ತದೆ, ಬಹುತೇಕ ಸರ್ವರುಗಳು ಕ್ಷಮಿಸುವುದಿಲ್ಲ. ಪುಟದ ಪಕ್ಕದಲ್ಲೇ ಚಿತ್ರಗಳಿಗೆಂದು ಒಂದು ಫೋಲ್ಡರ್ ಇಟ್ಟು, ಅಲ್ಲಿಂದ ಇಲ್ಲಿಗೆ ಇರುವ ಹತ್ತಿರದ ದಾರಿಯನ್ನು ಮಾತ್ರ ಬರೆಯುವುದು, ಕಡತದ ಹೆಸರನ್ನು ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡುವುದು, ಇವು ಅಂದಿನಿಂದ ಇಂದಿನವರೆಗೂ ಬದಲಾಗದ ನಿಯಮಗಳು.

ಚಿತ್ರ ಬಾರದಿದ್ದರೆ?

ಭಾರತದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕರಿಗೆ ಇಂಟರ್ನೆಟ್ ಒದಗಿಸಿದ್ದು 1995ರ ಆಗಸ್ಟ್ 15ರಂದು. ಆ ಕಾಲದ 28.8 ಕಿಲೊಬಿಟ್ ವೇಗದ ಮೋಡೆಮ್ ಎಲ್ಲವೂ ಸರಿಯಿದ್ದಾಗ ಸೆಕೆಂಡಿಗೆ 3.6 ಕಿಲೊಬೈಟ್ ತರುತ್ತಿತ್ತು. 100 ಕಿಲೊಬೈಟಿನ ಒಂದು ಫೋಟೊಗೆ ಸುಮಾರು ಅರ್ಧ ನಿಮಿಷ ಕಾಯಬೇಕಿತ್ತು. ಟೆಲಿಫೋನ್ ಬಿಲ್ಲು ಓಡುತ್ತಿರುವಾಗ ಅರ್ಧ ನಿಮಿಷ ಸಣ್ಣ ಅವಧಿಯೇನಲ್ಲ. ಹಾಗಾಗಿ ಅನೇಕರು ಬ್ರೌಸರಿನಲ್ಲಿ ಚಿತ್ರಗಳನ್ನು ನಿಲ್ಲಿಸಿಯೇ ಓದುತ್ತಿದ್ದರು.

ಅಂಥವರಿಗಾಗಿ ಇದ್ದದ್ದು 'ಆಲ್ಟ್' ಎಂಬ ಪುಟ್ಟ ಸೌಲಭ್ಯ. ಚಿತ್ರ ಬಾರದಿದ್ದರೆ ಅದರ ಬದಲಿಗೆ ಓದಬಹುದಾದ ಮಾತು ಇದು. 1995ರ ಎಚ್‌ಟಿಎಂಎಲ್ 2.0ರಲ್ಲಿಯೇ ಇದಕ್ಕೆ ಸ್ಥಾನವಿತ್ತು. 1997ರ ಡಿಸೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ 4.0 ಇದನ್ನು ಕಡ್ಡಾಯಗೊಳಿಸಿತು. ಆ ಹೊತ್ತಿಗೆ ಇದರ ಮಹತ್ವ ಬೇರೊಂದು ಕಾರಣಕ್ಕೆ ಅರ್ಥವಾಗಿತ್ತು. ದೃಷ್ಟಿಯಿಲ್ಲದವರು ಕಂಪ್ಯೂಟರನ್ನು ಬಳಸುವುದು ತೆರೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ. ಆ ತಂತ್ರಾಂಶಕ್ಕೆ ಚಿತ್ರ ಕಾಣುವುದಿಲ್ಲ, ಆಲ್ಟ್ ಮಾತ್ರ ಕೇಳಿಸುತ್ತದೆ.

ಒಂದು ಉದಾಹರಣೆ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಫೋಟೊವನ್ನು ಪುಟಕ್ಕೆ ಸೇರಿಸಿದ್ದೀರಿ ಎಂದುಕೊಳ್ಳಿ. ಆಲ್ಟ್‌ನಲ್ಲಿ 'ಫೋಟೊ 1' ಎಂದು ಬರೆದರೆ ಕುರುಡು ವಿದ್ಯಾರ್ಥಿಗೆ ಏನು ಸಿಕ್ಕಂತಾಯಿತು? 'ಮಹಮೂದ್ ಗವಾನ್ ಮದ್ರಸದ ಮುಂಭಾಗ. ನೀಲಿ ಟೈಲ್ಸ್‌ಗಳು ಅಲ್ಲಲ್ಲಿ ಉಳಿದಿವೆ. 1696ರ ಸ್ಫೋಟದ ಬಳಿಕ ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ' ಎಂದು ಬರೆದರೆ ಅವನೂ ಆ ಕಟ್ಟಡದ ಮುಂದೆ ನಿಂತಂತೆ. ಚಿತ್ರ ಸೇರಿಸುವವನು ತನ್ನ ಕಣ್ಣನ್ನು ಇನ್ನೊಬ್ಬರಿಗೆ ಒಂದು ಕ್ಷಣ ಎರವಲು ಕೊಡಬೇಕೆಂಬುದೇ ಈ ನಿಯಮದ ಆಶಯ.

ಗದ್ದಲದ ಹಿನ್ನೆಲೆ

ಮೊದಲ ವೆಬ್ ಪುಟಗಳ ಹಿನ್ನೆಲೆ ಬ್ರೌಸರ್ ಕೊಟ್ಟ ಬೂದು ಅಥವಾ ಬಿಳಿ ಬಣ್ಣ ಮಾತ್ರ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಪುಟದ 'ಬಾಡಿ' ಟ್ಯಾಗಿನಲ್ಲಿಯೇ ಹಿನ್ನೆಲೆಯ ಬಣ್ಣವನ್ನೋ ಚಿತ್ರವನ್ನೋ ಸೂಚಿಸುವ ಅವಕಾಶ ಕೊಟ್ಟಿತು. 1997ರ ಎಚ್‌ಟಿಎಂಎಲ್ 3.2 ಅದಕ್ಕೆ ಅಧಿಕೃತ ಮುದ್ರೆಯೊತ್ತಿತು. ಹಿನ್ನೆಲೆಗೆ ಕೊಟ್ಟ ಚಿತ್ರ ಚಿಕ್ಕದಿದ್ದರೆ ಬ್ರೌಸರ್ ಅದನ್ನು ನೆಲಕ್ಕೆ ಹಾಸುವ ಕಲ್ಲಿನಂತೆ ಸಾಲು ಸಾಲಾಗಿ ಜೋಡಿಸಿ ಇಡೀ ಪುಟ ತುಂಬುತ್ತದೆ. ಆಮೆವೇಗದ ಮೋಡೆಮ್ ಕಾಲದಲ್ಲಿ ಅಂಗೈಯಗಲದ ಒಂದು ಚಿತ್ರದಿಂದ ಇಡೀ ಪುಟವನ್ನು ಸಿಂಗರಿಸಬಹುದಾಗಿದ್ದುದು ದೊಡ್ಡ ಅನುಕೂಲವೇ.

ಆದರೆ ಸಿಕ್ಕ ಸ್ವಾತಂತ್ರ್ಯ ಬಹುಬೇಗ ಅತಿರೇಕಕ್ಕೆ ತಿರುಗಿತು. ನಕ್ಷತ್ರ ತುಂಬಿದ ಆಕಾಶದ ಮೇಲೆ ಕೆಂಪು ಅಕ್ಷರ, ಗುಲಾಬಿ ಹೂಗಳ ಮೇಲೆ ಹಳದಿ ಅಕ್ಷರ, ಮಿಣುಕುವ ಚಿತ್ರಗಳ ಮೆರವಣಿಗೆ. ಆ ದಶಕದ ಪುಟಗಳನ್ನು ಕಂಡವರಿಗೆ ಅದು ನೆನಪಿರುತ್ತದೆ. ಮಾತು ಯಾವುದು, ಅಲಂಕಾರ ಯಾವುದು ಎಂದು ತಿಳಿಯದೆ ಓದುಗ ಕಂಗಾಲಾಗುತ್ತಿದ್ದ. ಬಿದ್ರಿ ಕಲಾವಿದ ಪಾತ್ರೆಯ ಮೈಯನ್ನು ಕಪ್ಪಾಗಿ ತೆಪ್ಪಗಿರಿಸುವುದು ಏಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್ ಎಂಬ ಶೈಲಿ ನಿಯಮಗಳು ಬಂದ ಮೇಲೆ ಒಂದು ಶಿಸ್ತು ಮೂಡತೊಡಗಿತು. ಪುಟದಲ್ಲಿ ಮಾತಿರಲಿ, ಅಲಂಕಾರದ ಸೂಚನೆಗಳು ಪ್ರತ್ಯೇಕವಿರಲಿ ಎಂಬುದು ಅದರ ತತ್ವ. ಹಿನ್ನೆಲೆಯ ಚಿತ್ರ ಪುನರಾವರ್ತನೆಯಾಗಬೇಕೇ ಬೇಡವೇ, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಅಲ್ಲಿ ಹೇಳಬಹುದು. 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದಕ್ಕೊಂದು ಅಳತೆಯನ್ನೂ ಕೊಟ್ಟಿತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವಿನ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಅಚ್ಚ ಕಪ್ಪು ಮತ್ತು ಅಚ್ಚ ಬಿಳಿಯ ನಡುವೆ ಇದು 21ಕ್ಕೆ 1.

ಅಕ್ಷರವೇ ಚಿತ್ರವಾದಾಗ

ಈ ಕಥೆಯಲ್ಲಿ ನಮಗೆ ಹೆಚ್ಚು ಸಂಬಂಧಿಸಿದ ಅಧ್ಯಾಯ ಇನ್ನು ಮುಂದಿದೆ. ಇಂಗ್ಲಿಷಿನವರಿಗೆ ಚಿತ್ರ ಅಲಂಕಾರವಾಗಿತ್ತು. ನಮಗೆ ಅದು ಬದುಕುಳಿಯುವ ದಾರಿಯೂ ಆಗಿತ್ತು.

ಬರಹವನ್ನು ಚಿತ್ರವಾಗಿಸುವ ಉಪಾಯ ನಮ್ಮ ನಾಡಿಗೆ ಹೊಸದಲ್ಲ. ಉರ್ದುವಿನ ನಸ್ತಾಲೀಖ್ ಲಿಪಿ ಇಳಿಜಾರಾಗಿ ಹರಿಯುತ್ತದೆ, ಅಕ್ಷರಗಳು ಒಂದರ ಮೇಲೊಂದು ಒರಗುತ್ತವೆ. ಬಿಡಿ ಬಿಡಿ ಅಚ್ಚುಮೊಳೆಗಳಿಗೆ ಅದು ಸುಲಭವಾಗಿ ಒಗ್ಗಲಿಲ್ಲ. ಆದ್ದರಿಂದ 19ನೇ ಶತಮಾನದಿಂದ ಉರ್ದು ಮುದ್ರಣ ಕಲ್ಲಚ್ಚನ್ನು ನೆಚ್ಚಿಕೊಂಡಿತು. ಕಾತಿಬ್ ಕೈಯಲ್ಲಿ ಬರೆದ ಇಡೀ ಪುಟವನ್ನು ಕಲ್ಲಿಗೆ ಇಳಿಸಿ ಅಲ್ಲಿಂದ ಪ್ರತಿ ತೆಗೆಯುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವೂ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಿಂದಲೇ.

ವೆಬ್ ಬಂದಾಗ ಅದೇ ಸಮಸ್ಯೆ ಮರುಕಳಿಸಿತು. 1994ರಲ್ಲಿ ಬಂದ ಇನ್‌ಪೇಜ್ ತಂತ್ರಾಂಶದಿಂದ ಕಂಪ್ಯೂಟರಿನಲ್ಲಿ ನಸ್ತಾಲೀಖ್ ಬರೆಯುವುದು ಸಾಧ್ಯವಾಯಿತು. ಆದರೆ ಓದುಗರ ಬ್ರೌಸರಿಗೆ ಆ ಲಿಪಿ ತಿಳಿಯುತ್ತಿರಲಿಲ್ಲ. ಹೀಗಾಗಿ ಉರ್ದು ಪತ್ರಿಕೆಗಳು ಸುದ್ದಿಯನ್ನು ಜಿಐಎಫ್ ಚಿತ್ರಗಳಾಗಿ ಪರಿವರ್ತಿಸಿ ಪುಟಕ್ಕೆ ಅಂಟಿಸಿದವು. ಕನ್ನಡದಲ್ಲಿ ಡಾ. ಯು. ಬಿ. ಪವನಜರು 1996ರಲ್ಲಿ 'ವಿಶ್ವಕನ್ನಡ' ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ಆ ದಿನಗಳಲ್ಲಿ ಪ್ರತಿಯೊಂದು ಕನ್ನಡ ತಂತ್ರಾಂಶಕ್ಕೂ ತನ್ನದೇ ಅಕ್ಷರ ಸಂಕೇತಗಳು. ಸರಿಯಾದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಲೇಖನ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಶೀರ್ಷಿಕೆಯನ್ನಾದರೂ ಉಳಿಸಿಕೊಳ್ಳೋಣವೆಂದು ಅದನ್ನು ಚಿತ್ರ ಮಾಡಿ ಹಾಕುವುದು ಅಂದಿನ ಒಂದು ಉಪಾಯವಾಗಿತ್ತು.

ಚಿತ್ರವಾದ ಅಕ್ಷರ ಚೆಂದ ಕಾಣುತ್ತದೆ, ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುತ್ತದೆ. ಆದರೆ ಅದು ಮೂಕ. ಹುಡುಕು ಯಂತ್ರಕ್ಕೆ ಸಿಗುವುದಿಲ್ಲ, ಒಂದು ಸಾಲನ್ನು ಎತ್ತಿ ಬೇರೆಡೆ ಬಳಸಲಾಗುವುದಿಲ್ಲ, ಗಟ್ಟಿಯಾಗಿ ಓದುವ ತಂತ್ರಾಂಶಕ್ಕೆ ಕೇಳಿಸುವುದಿಲ್ಲ. ಆ ಕಾಲದಲ್ಲಿ ಹಾಗೆ ಪ್ರಕಟವಾದ ಬರಹಗಳಿಗೆ ಒದಗಿದ ಅಪಾಯ ಇದೇ. ಚಿತ್ರದ ಕಡತ ಕಳೆದರೆ ಪುಟದಲ್ಲಿ ಉಳಿಯುವುದು ಒಂದು ಖಾಲಿ ಚೌಕ.

ಪರಿಹಾರ ನಿಧಾನವಾಗಿ ಬಂತು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು, ಆದರೆ ಸಾಮಾನ್ಯ ಬಳಕೆದಾರನಿಗೆ ಅದು ದಕ್ಕಿದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ತುಂಗಾ ಫಾಂಟಿನೊಂದಿಗೆ. ನಸ್ತಾಲೀಖ್‌ಗೆ ಇನ್ನೂ ತಡವಾಯಿತು. ಗೂಗಲ್ ಮುಕ್ತವಾಗಿ ಕೊಟ್ಟ ನೋಟೊ ನಸ್ತಾಲೀಖ್ ಫಾಂಟ್ 2014ರದು. ಇಂದು ಬೀದರಿನ ಒಬ್ಬ ವಿದ್ಯಾರ್ಥಿ ಒಂದೇ ಪುಟದಲ್ಲಿ ಕನ್ನಡ, ಉರ್ದು, ಮರಾಠಿ ಮೂರನ್ನೂ ನಿಜವಾದ ಅಕ್ಷರಗಳಲ್ಲಿ ಬರೆಯಬಲ್ಲ.

ಫಲಕ ಮತ್ತು ಪಾಠ

ನಿಜಾಮರ ಆಳ್ವಿಕೆಯ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಭಾಲ್ಕಿ ಮತ್ತು ಔರಾದ್ ಸೀಮೆಯ ಕಮಲನಗರದಲ್ಲಿ ಕನ್ನಡ ಕಲಿಕೆಗಾಗಿ ದುಡಿದರು. ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರೆಂಬ ಮಾತು ಈ ಭಾಗದಲ್ಲಿ ಇಂದಿಗೂ ಜನಜನಿತ. ಇದನ್ನು ಎರಡು ಭಾಷೆಗಳ ಜಗಳವಾಗಿ ಕಾಣಬೇಕಿಲ್ಲ. ಬೀದರಿನ ಸಂತೆಯಲ್ಲಿ ಎರಡೂ ಭಾಷೆಗಳು ಒಂದೇ ತಕ್ಕಡಿಯಲ್ಲಿ ತೂಗಿಕೊಂಡೇ ಬಂದಿವೆ. ಈ ಪ್ರಸಂಗ ಹೇಳುವುದು ಬೇರೆಯದನ್ನು. ಹೊರಗೆ ಕಾಣುವ ಫಲಕ ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಒಳಗಿನ ಪಾಠ ನಿಲ್ಲಬಾರದು.

ಇಂದು ನಾವು ಇದರ ತಿರುವುಮುರುವು ಮಾಡುತ್ತಿಲ್ಲವೇ? ಫಲಕಗಳನ್ನು ಮಾತ್ರ ಹಂಚುತ್ತಿದ್ದೇವೆ, ಪಾಠವನ್ನು ಮರೆಯುತ್ತಿದ್ದೇವೆ. ಊರಿನ ಇತಿಹಾಸ, ಸಭೆಯ ಆಮಂತ್ರಣ, ಔಷಧಿಯ ಸಲಹೆ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ಎಲ್ಲವೂ ಬಣ್ಣದ ಹಿನ್ನೆಲೆಯ ಮೇಲೆ ಅಕ್ಷರ ಮೂಡಿಸಿದ ಚಿತ್ರಗಳಾಗಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತವೆ. ವಾರ ಕಳೆದರೆ ಹುಡುಕಿದರೂ ಸಿಗುವುದಿಲ್ಲ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳು ಈಗ ಇವೆ ನಿಜ. ಆದರೆ ಅಲಂಕಾರದ ಕನ್ನಡದಲ್ಲೂ ಒರಗಿದ ನಸ್ತಾಲೀಖ್‌ನಲ್ಲೂ ಅವು ಮುಗ್ಗರಿಸುತ್ತವೆ. ಯೂನಿಕೋಡಿಗಾಗಿ ಅಷ್ಟು ವರ್ಷ ಕಾದ ಭಾಷೆಗಳು ಅದು ಕೈಗೆ ಬಂದ ಮೇಲೆ ತಾವಾಗಿ ಕಲ್ಲಚ್ಚಿಗೆ ಹಿಂದಿರುಗುವುದು ವಿಷಾದದ ಸಂಗತಿ.

ಆದ್ದರಿಂದ ಬೀದರಿನ, ಭಾಲ್ಕಿಯ, ಔರಾದಿನ ಯಾವುದೇ ಹುಡುಗ ಹುಡುಗಿ ತಮ್ಮ ಊರಿನ ಬಗ್ಗೆ ಮೊದಲ ಪುಟ ಬರೆಯಲು ಕುಳಿತರೆ ಹೇಳಬೇಕಾದ ಮಾತುಗಳು ಕೆಲವೇ. ಮಾತನ್ನು ಅಕ್ಷರದಲ್ಲಿಯೇ ಬರೆಯಿರಿ. ಭಾಲ್ಕಿಯ ಕೋಟೆಯದೋ ಕಾರಂಜಾ ಜಲಾಶಯದ್ದೋ ಚಿತ್ರವನ್ನು ಆ ಮಾತಿಗೆ ಸಾಕ್ಷಿಯಾಗಿ ತನ್ನಿ. ಮೊಬೈಲಿನ ಮೂರು ನಾಲ್ಕು ಮೆಗಾಬೈಟಿನ ಫೋಟೊವನ್ನು ಕುಗ್ಗಿಸಿ ಇನ್ನೂರು ಕಿಲೊಬೈಟಿನ ಆಸುಪಾಸಿಗೆ ತನ್ನಿ, ಸಿಗ್ನಲ್ ಕ್ಷೀಣವಾಗಿರುವ ಹಳ್ಳಿಯ ಓದುಗನ ಹಣವೂ ಸಮಯವೂ ಉಳಿಯುತ್ತದೆ. ಚಿತ್ರದ ಅಗಲ, ಎತ್ತರಗಳನ್ನು ಮೊದಲೇ ಬರೆದಿಡಿ, ಓದುತ್ತಿರುವಾಗ ಸಾಲುಗಳು ಜಿಗಿಯುವುದಿಲ್ಲ. ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ಒಂದು ಆಲ್ಟ್ ಬರೆಯಿರಿ. ಬೇರೆಯವರು ತೆಗೆದ ಚಿತ್ರವಾದರೆ ಅನುಮತಿ ಕೇಳಿ ಅವರ ಹೆಸರು ಹಾಕಿ. ಹಿನ್ನೆಲೆಗೆ ಚಿತ್ರ ಇಡಲೇಬೇಕೆಂದಿದ್ದರೆ ಅದು ಮೆಲುದನಿಯದಾಗಿರಲಿ. ಆ ಚಿತ್ರ ಬಾರದಿದ್ದರೂ ಅಕ್ಷರ ಓದಲಾಗುವಂತೆ ಕೆಳಗೊಂದು ತಕ್ಕ ಬಣ್ಣವನ್ನೂ ಕೊಡಿ.

ಹಿನ್ನೆಲೆ ಎಂಬ ನಮ್ಮ ಪದದಲ್ಲೇ ನೆಲೆ ಎಂಬ ಮಾತು ಸೇರಿಕೊಂಡಿದೆ. ಬಿದ್ರಿ ಪಾತ್ರೆಯ ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣಿನಿಂದ. ಗ್ರಾಹಕ ಹೊಗಳುವುದು ಬೆಳ್ಳಿಯ ಹೂವನ್ನು. ಆದರೆ ಆ ಹೂವನ್ನು ಶತಮಾನಗಳ ಕಾಲ ಕಾಣುವಂತೆ ಹಿಡಿದಿಟ್ಟಿರುವುದು ಯಾರೂ ಹೆಸರಿಸದ ಆ ಹಿಡಿಮಣ್ಣು. ವೆಬ್ ಪುಟದಲ್ಲಿ ಆ ಮಣ್ಣಿನ ಕೆಲಸ ಮಾಡುವುದು ನಾವು ತಾಳ್ಮೆಯಿಂದ ಟೈಪು ಮಾಡಿದ ಸಾದಾ ಸಾಲುಗಳು. ಅವು ಗಟ್ಟಿಯಾಗಿದ್ದರೆ ಚಿತ್ರ ಬಂದರೂ ಚೆಂದ, ಬಾರದಿದ್ದರೂ ಪುಟ ಮಾತನಾಡುತ್ತದೆ.